ಹಿತ್ತಾಳೆ ಎಚ್ಚಿಂಗ್: ಗುಳಿ ಬೀಳದೆ, ಅಳತೆ ಕೆಡದೆ ಮಾಡುವ ಸಮಗ್ರ ಮಾರ್ಗದರ್ಶಿ

ಎಚ್ಚಿಂಗ್ ಎಂದರೆ ಬೇಕಾದ ಜಾಗದಲ್ಲಿ ಮಾತ್ರ ಲೋಹವನ್ನು ರಾಸಾಯನಿಕ ದ್ರಾವಣದಿಂದ ಕರಗಿಸಿ ಅಕ್ಷರ, ಆಕಾರ ಮೂಡಿಸುವುದು. ಅದು ಕೈಕೊಟ್ಟಿತು ಎಂದು ಜನ ತೋರಿಸುವ ಹಿತ್ತಾಳೆ ತುಂಡುಗಳಲ್ಲಿ ಮೂರು ಬಗೆಯವೇ ಜಾಸ್ತಿ. ಒಂದರಲ್ಲಿ, ನುಣ್ಣಗೆ ಉಳಿಯಬೇಕಿದ್ದ ಜಾಗದ ತುಂಬ ಸೂಜಿಮೊನೆಯಷ್ಟು ಗುಳಿಗಳು. ಇನ್ನೊಂದರಲ್ಲಿ ಅಂಚಿನ ಅಕ್ಷರ ಆಳಕ್ಕೆ ಇಳಿದಿದೆ, ನಡುವಿನದು ಇನ್ನೂ ಹೊಳೆಯುತ್ತಿದೆ. ಮತ್ತೊಂದು ನೋಡಲು ಚೆಂದ. ಅಳತೆ ಹಿಡಿದರೆ ಮಾತ್ರ ಕಿಂಡಿಗಳೆಲ್ಲ ದೊಡ್ಡವು, ಪಟ್ಟಿಗಳೆಲ್ಲ ಸಣ್ಣವು. ಮೂರಕ್ಕೂ ಬೈಸಿಕೊಳ್ಳುವುದು ದ್ರಾವಣ. ಹೊಸ ಬಾಟಲಿ ತರುತ್ತಾರೆ, ಮತ್ತೆ ಅದೇ ಕಥೆ.

ದ್ರಾವಣದ ತಪ್ಪು ಕಡಿಮೆ. ಇಲ್ಲಿ ಬಳಸುವ ದ್ರಾವಣವಾದ ಫೆರಿಕ್ ಕ್ಲೋರೈಡ್ ತನಗೆ ಸಿಕ್ಕ ತಾಮ್ರವನ್ನೂ ಸತುವನ್ನೂ ತಿನ್ನುತ್ತದೆ, ಅದರ ಕೆಲಸ ಅಷ್ಟೇ. ಎಲ್ಲಿ ತಿನ್ನಬೇಕು, ಎಲ್ಲಿ ಬಿಡಬೇಕು ಎನ್ನುವುದು ಬಹುಪಾಲು ಮೊದಲೇ ತೀರ್ಮಾನವಾಗಿರುತ್ತದೆ: ನಕ್ಷೆ ಬರೆಯುವಾಗ, ತಗಡು ಉಜ್ಜುವಾಗ, ರೆಸಿಸ್ಟ್ (ಉಳಿಯಬೇಕಾದ ಲೋಹವನ್ನು ದ್ರಾವಣದಿಂದ ಕಾಪಾಡುವ ಪದರ) ಅಂಟಿಸುವಾಗ. ಅದಕ್ಕೇ ಇಲ್ಲಿ ಮೊದಲ ಹಂತಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

## ಮೊದಲೇ ಜೋಡಿಸಿಕೊಳ್ಳಬೇಕಾದ್ದು

ನೈಟ್ರೈಲ್ ಕೈಗವಸು, ಕಣ್ಣನ್ನು ಸುತ್ತಲೂ ಮುಚ್ಚುವ ಗಾಗಲ್ಸ್, ಹಳೆಯ ಏಪ್ರನ್. ಮಾಮೂಲಿ ಕನ್ನಡಕ ಸಾಲದು, ಹನಿ ಪಕ್ಕದಿಂದ ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಬೇಕು. ನಲ್ಲಿ ಹತ್ತಿರ ಇರುವ, ಗಾಳಿ ಆಡುವ ಜಾಗ ನೋಡಿಕೊಳ್ಳಿ.

ಪಾತ್ರೆಗಳು ಪ್ಲಾಸ್ಟಿಕ್ ಅಥವಾ ಗಾಜಿನವೇ ಆಗಿರಲಿ. ಅಲ್ಯೂಮಿನಿಯಂ ಪಾತ್ರೆಗೆ ಈ ದ್ರಾವಣ ಸುರಿದರೆ ಅದು ಕುದಿದು ಉಕ್ಕುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಕೂಡ ತೂತು ಬೀಳುತ್ತದೆ. ಇಕ್ಕಳ, ಚಮಚ, ಜಾಲರಿ ಎಲ್ಲವೂ ಪ್ಲಾಸ್ಟಿಕ್ಕಿನದೇ. ಉಳಿದಂತೆ ಥರ್ಮಾಮೀಟರ್, ವರ್ನಿಯರ್ ಕ್ಯಾಲಿಪರ್, ಭೂತಗನ್ನಡಿ, ಅಗಲವಾದ ಪ್ಯಾಕಿಂಗ್ ಟೇಪ್, ಅಸಿಟೋನ್, ವಾಷಿಂಗ್ ಸೋಡಾ, ಸಿಟ್ರಿಕ್ ಆಮ್ಲದ ಪುಡಿ ಬೇಕು. ಕಬ್ಬಿಣದ ಉಪಕರಣಗಳಿರುವ ಕೋಣೆಯಲ್ಲಿ ದ್ರಾವಣ ತೆರೆದಿಡಬೇಡಿ. ಅದರ ಆವಿಗೇ ಅವು ತುಕ್ಕು ಹಿಡಿಯುತ್ತವೆ.

ನೈಟ್ರಿಕ್ ಆಮ್ಲದಲ್ಲಿ ಬೇಗ ಆಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದರಿಂದ ಏಳುವ ಕಂದು ಹೊಗೆ ಶ್ವಾಸಕೋಶಕ್ಕೆ ವಿಷ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸುವ ವಿಧಾನ ನಡೆಯುತ್ತದೆ, ಆದರೆ ಬಿಸಿಯೇರಿ ಹಿಡಿತ ತಪ್ಪುತ್ತದೆ. ಹೊಸಬರಿಗೆ ಬೇಡ.

## ಹಂತ 1: ತಗಡು ಆರಿಸಿ

ಮಡಚುವ, ಕತ್ತರಿಸಿ ತೆಗೆಯುವ ಸಣ್ಣ ಭಾಗಗಳಿಗೆ 0.2 ರಿಂದ 0.4 ಮಿ.ಮೀ. ದಪ್ಪ. ನಾಮಫಲಕ, ಗಡಿಯಾರದ ಮುಖ, ಅಲಂಕಾರದ ಫಲಕಗಳಿಗೆ 0.8 ರಿಂದ 1.5 ಮಿ.ಮೀ. ಇದಕ್ಕಿಂತ ದಪ್ಪದ ತಗಡನ್ನು ಆರ್‌ಪಾರ್ ಎಚ್ ಮಾಡಿ ತುಂಡು ಮಾಡುತ್ತೇನೆ ಎನ್ನುವುದು ಸುಮ್ನೆ ಹಠ. ಅದು ಗರಗಸದ ಕೆಲಸ.

ಮಿಶ್ರಲೋಹ ಯಾವುದು ಅಂತ ಕೇಳಿ ತಿಳಿದುಕೊಳ್ಳಿ. ಲೇತ್‌ನಲ್ಲಿ ಸಲೀಸಾಗಿ ಕಡಿಯಲೆಂದು ಸೀಸ ಬೆರೆಸಿದ ಹಿತ್ತಾಳೆ ಸಿಗುತ್ತದೆ. ಆ ಸೀಸ ಕ್ಲೋರೈಡಾಗಿ ದ್ರಾವಣದಲ್ಲಿ ಸರಿಯಾಗಿ ಕರಗದೆ ಮೇಲ್ಮೈಯಲ್ಲೇ ಕೂತು ತಳ ಒರಟಾಗುತ್ತದೆ. ಸೀಸವಿಲ್ಲದ, ತಾಮ್ರ 63 ಸತು 37 ಅಥವಾ ತಾಮ್ರ 70 ಸತು 30 ಇರುವ ಹಾಳೆ ನುಣ್ಣಗೆ ಇಳಿಯುತ್ತದೆ. ಅರೆಗಟ್ಟಿ ಹದದ ಹಾಳೆ ಸಪಾಟಾಗಿರುತ್ತದೆ. ಸುರುಳಿ ಬಿಚ್ಚಿ ತಂದ ಮೆತ್ತಗಿನ ಹಾಳೆಯಲ್ಲಿ ಉಬ್ಬು ತಗ್ಗು ಇದ್ದು ರೆಸಿಸ್ಟ್ ಸರಿಯಾಗಿ ಕೂರುವುದಿಲ್ಲ.

ಅಂಗಡಿಯ ಹೊಳೆಯುವ ಹಾಳೆಯ ಮೇಲೆ ಕೆಲವೊಮ್ಮೆ ಬಣ್ಣವಿಲ್ಲದ ವಾರ್ನಿಷ್ ಇರುತ್ತದೆ. ಮೂಲೆಗೆ ಒಂದು ಹನಿ ದ್ರಾವಣ ಬಿಡಿ. ಒಂದೆರಡು ನಿಮಿಷದಲ್ಲಿ ಅಲ್ಲಿ ಬಣ್ಣ ಮಾಸದಿದ್ದರೆ ವಾರ್ನಿಷ್ ಇದೆ ಎಂದರ್ಥ. ಅಸಿಟೋನ್ ಹಚ್ಚಿ ಪೂರ್ತಿ ತೆಗೆಯಿರಿ.

## ಹಂತ 2: ನಕ್ಷೆಯಲ್ಲೇ ಅಂಡರ್‌ಕಟ್ ಕಳೆಯಿರಿ

ಅಳತೆ ಕೆಡುವುದು ಇಲ್ಲೇ. ದ್ರಾವಣ ಕೆಳಕ್ಕೆ ಮಾತ್ರ ಹೋಗುವುದಿಲ್ಲ, ರೆಸಿಸ್ಟ್‌ನ ಅಂಚಿನ ಅಡಿಗೂ ನುಗ್ಗುತ್ತದೆ. ಇದಕ್ಕೇ ಅಂಡರ್‌ಕಟ್ ಎನ್ನುವುದು. ಆಳ ಎಷ್ಟೋ, ಅದರ ಅರ್ಧದಷ್ಟು ಪಕ್ಕಕ್ಕೂ ತಿಂದಿರುತ್ತದೆ ಎಂದು ಶುರುವಿಗೆ ಲೆಕ್ಕ ಹಿಡಿಯಿರಿ. ಟ್ರೇಯಲ್ಲಿ ಅಲುಗಾಡಿಸದೆ ಬಿಟ್ಟರೆ ಆಳದಷ್ಟೇ ಪಕ್ಕಕ್ಕೂ ಹೋಗಬಹುದು.

ಒಂದು ಉದಾಹರಣೆ. 0.25 ಮಿ.ಮೀ. ತಗಡು, ಎರಡೂ ಕಡೆಯಿಂದ ಎಚ್ಚಿಂಗ್. ಒಂದೊಂದು ಕಡೆಯಿಂದ 0.125 ಮಿ.ಮೀ. ಇಳಿಯಬೇಕು. ಪಕ್ಕಕ್ಕೆ ಅದರರ್ಧ, ಅಂದರೆ ಒಂದು ಅಂಚಿಗೆ ಸುಮಾರು 0.06 ಮಿ.ಮೀ. ಒಂದು ಕಿಂಡಿಗೆ ಎರಡು ಅಂಚು. ಹಾಗಾಗಿ 0.30 ಅಂತ ಬರೆದ ಕಿಂಡಿ 0.42 ಆಗಿ ಹೊರಬರುತ್ತದೆ. 0.50 ಅಂತ ಬರೆದ ಪಟ್ಟಿ 0.38ಕ್ಕೆ ಇಳಿಯುತ್ತದೆ. ನಕ್ಷೆಯಲ್ಲಿ ಕಿಂಡಿಯನ್ನು ಅಷ್ಟೇ ಕಿರಿದು ಮಾಡಿ, ಪಟ್ಟಿಯನ್ನು ಅಷ್ಟೇ ಅಗಲ ಮಾಡಿ.

ಇದೇ ತಗಡನ್ನು ಒಂದೇ ಕಡೆಯಿಂದ ತಿನ್ನಿಸಿದರೆ ಅಂಚಿಗೆ 0.12 ಮಿ.ಮೀ. ಹೋಗುತ್ತದೆ, ಗೋಡೆಯೂ ಓರೆಯಾಗುತ್ತದೆ. ಅಳತೆ ಮುಖ್ಯವಾದ ಭಾಗಗಳಿಗೆ ಎರಡೂ ಕಡೆಯಿಂದಲೇ ಮಾಡಬೇಕು ಎನ್ನುವುದು ಇದಕ್ಕೇ. ತಗಡಿನ ದಪ್ಪಕ್ಕಿಂತ ಸಣ್ಣ ತೂತನ್ನು ನಂಬಿಕೊಂಡು ನಕ್ಷೆ ಮಾಡಬೇಡಿ. ದಪ್ಪದ 1.2 ಪಟ್ಟು ಇದ್ದರೆ ನೆಮ್ಮದಿ.

ನಕ್ಷೆಯಲ್ಲಿ ಇನ್ನೂ ಕೆಲವು ಇರಲೇಬೇಕು. ಭಾಗಗಳನ್ನು ಚೌಕಟ್ಟಿಗೆ ಹಿಡಿದಿಡುವ 0.3 ರಿಂದ 0.5 ಮಿ.ಮೀ. ಅಗಲದ ಕೊಂಡಿಗಳು ಇಲ್ಲದಿದ್ದರೆ ಕೊನೆಯ ನಿಮಿಷಗಳಲ್ಲಿ ಭಾಗಗಳು ಕಪ್ಪು ದ್ರಾವಣದ ತಳಕ್ಕೆ ಬಿದ್ದು ಅಲ್ಲೇ ಕರಗುತ್ತವೆ. ಮಡಚುವ ಗೆರೆಯನ್ನು ಒಂದೇ ಕಡೆ ಅರ್ಧ ಆಳಕ್ಕೆ ತಿನ್ನಿಸಬೇಕು, ಮಡಚಿದಾಗ ಆ ಗೆರೆ ಒಳಬದಿಗೆ ಬರಬೇಕು. ಮತ್ತೆ ಅಂಚಿನ ಖಾಲಿ ಜಾಗದಲ್ಲಿ 5 ಮಿ.ಮೀ.ನ ಒಂದು ಪರೀಕ್ಷಾ ಚೌಕ. ಆಳ ಅಳೆಯಲು ಕ್ಯಾಲಿಪರಿನ ಕಡ್ಡಿ ಇಳಿಸುವುದು ಅಲ್ಲಿ, ನಿಮ್ಮ ಚೆಂದದ ಅಕ್ಷರದೊಳಗಲ್ಲ.

ಎಚ್ ಆಗಬೇಕಾದ ದೊಡ್ಡ ಬಯಲು ಜಾಗ ಬಿಡಬೇಡಿ. ಪೋಲಾಗುವ ಲೋಹವೂ ರೆಸಿಸ್ಟ್ ಹೊತ್ತೇ ಇರಲಿ, ಭಾಗದ ಸುತ್ತ ಒಂದು ತೆಳು ಗೆರೆ ಮಾತ್ರ ತಿನ್ನಿಸಿ. ದ್ರಾವಣ ಉಳಿಯುತ್ತದೆ, ಎಲ್ಲ ಗೆರೆಗಳೂ ಹೆಚ್ಚುಕಮ್ಮಿ ಒಟ್ಟಿಗೆ ಮುಗಿಯುತ್ತವೆ.

## ಹಂತ 3: ನೀರು ಒಡೆಯದಷ್ಟು ಶುಚಿ ಮಾಡಿ

ತಗಡನ್ನು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಉಜ್ಜಿ. ಆಮೇಲೆ 400 ರಿಂದ 600 ನಂಬರಿನ ವಾಟರ್ ಪೇಪರಿನಿಂದ, ಹರಿಯುವ ನೀರಿನಡಿ, ಸುತ್ತು ಸುತ್ತಾಗಿ ತಿಕ್ಕಿ. ಹೊಳಪು ಹೋಗಿ ಮಂಕು ಹಳದಿ ಬರಬೇಕು. ಕನ್ನಡಿಯ ಹಾಗೆ ಹೊಳೆಯುವ ಹಿತ್ತಾಳೆಯಲ್ಲಿ ರೆಸಿಸ್ಟಿಗೆ ಹಿಡಿತ ಸಿಗುವುದಿಲ್ಲ. ಪಾಲಿಶ್ ಬೇಕಿದ್ದರೆ ಕೊನೆಯಲ್ಲಿ ಮಾಡಿಕೊಳ್ಳಬಹುದು.

ಈಗ ತಗಡನ್ನು ಓರೆಯಾಗಿ ಹಿಡಿದು ನೀರು ಬಿಡಿ. ನೀರು ಒಂದೇ ಪದರವಾಗಿ, ಎಲ್ಲೂ ಒಡೆಯದೆ ನಿಂತರೆ ಶುಚಿಯಾಗಿದೆ. ಎಲ್ಲಾದರೂ ಪದರ ಒಡೆದು ಹನಿ ಹನಿಯಾಗಿ ಸರಿದರೆ ಅಲ್ಲಿ ಜಿಡ್ಡಿದೆ. ಮತ್ತೆ ತಿಕ್ಕಿ. ಬಹಳ ಜನ ಈ ಪರೀಕ್ಷೆಯನ್ನು ಬಿಡುತ್ತಾರೆ, ಅಂಚು ಎದ್ದು ಬಂದಾಗ ರೆಸಿಸ್ಟ್‌ ಕಂಪನಿಯನ್ನು ಬೈಯುತ್ತಾರೆ.

ಇಲ್ಲಿಂದ ಮುಂದೆ ಬೆರಳು ಮುಟ್ಟಿಸುವಂತಿಲ್ಲ, ಅಂಚು ಹಿಡಿದೇ ಓಡಾಡಿಸಿ. ಹೇರ್ ಡ್ರೈಯರಿನಿಂದ ಒಣಗಿಸಿ, ತಡ ಮಾಡದೆ ರೆಸಿಸ್ಟ್ ಹಾಕಿ. ನಾಳೆ ಹಾಕೋಣ ಎಂದರೆ ನಾಳೆ ಮತ್ತೆ ತಿಕ್ಕಬೇಕು.

## ಹಂತ 4: ರೆಸಿಸ್ಟ್ ಕೂರಿಸಿ

ಎರಡು ದಾರಿ ಇವೆ. ಅಲಂಕಾರದ ಫಲಕಕ್ಕೆ ಟೋನರ್, ಅಂದರೆ ಲೇಸರ್ ಪ್ರಿಂಟರಿನ ಪುಡಿ ಶಾಯಿ ಸಾಕು. ನಿಖರವಾದ ಭಾಗಗಳಿಗೆ ಡ್ರೈ ಫಿಲ್ಮ್, ಅಂದರೆ ಬೆಳಕಿಗೆ ಗಟ್ಟಿಯಾಗುವ ತೆಳು ಹಾಳೆ ಬೇಕು. ಎರಡಕ್ಕೂ ನಕ್ಷೆಯ ಕಪ್ಪು ಬಿಳುಪು ಉಲ್ಟಾ ಎನ್ನುವುದನ್ನು ಇಲ್ಲೇ ತಲೆಯಲ್ಲಿ ಇಟ್ಟುಕೊಳ್ಳಿ. ಟೋನರಿನಲ್ಲಿ ಕಪ್ಪು ಇದ್ದ ಜಾಗ ಉಳಿಯುತ್ತದೆ. ಡ್ರೈ ಫಿಲ್ಮ್‌ನಲ್ಲಿ ಬೆಳಕು ಬಿದ್ದ ಜಾಗ ಗಟ್ಟಿಯಾಗಿ ಉಳಿಯುತ್ತದೆ, ಅಂದರೆ ಪಾರದರ್ಶಕ ಹಾಳೆಯಲ್ಲಿ ಕಪ್ಪು ಇದ್ದ ಜಾಗ ತಿನ್ನಿಸಿಕೊಳ್ಳುತ್ತದೆ. ಒಂದರ ನಕ್ಷೆಯನ್ನು ಇನ್ನೊಂದಕ್ಕೆ ಹಾಗೇ ಬಳಸಿದರೆ ನಿಮ್ಮ ಚಕ್ರ ಕರಗಿ, ಚಕ್ರದ ಆಕಾರದ ಕಿಂಡಿ ಉಳಿಯುತ್ತದೆ.

ಟೋನರ್ ವಿಧಾನ. ಲೇಸರ್ ಪ್ರಿಂಟರ್ ಮಾತ್ರ ಆಗುತ್ತದೆ, ಇಂಕ್‌ಜೆಟ್ ಆಗದು. ಚಿತ್ರ ಕನ್ನಡಿ ಬಿಂಬದಂತೆ ತಿರುಗಿರಬೇಕು, ಟೋನರ್ ಉಳಿಸುವ ಸೆಟ್ಟಿಂಗ್ ಆಫ್ ಆಗಿರಬೇಕು. ನುಣುಪು ಕಾಗದದ ಮೇಲೆ ಮುದ್ರಿಸಿ. ಹಿತ್ತಾಳೆ ಶಾಖವನ್ನು ಬೇಗ ಎಳೆದುಕೊಳ್ಳುವುದರಿಂದ ಮೊದಲು ತಗಡನ್ನೇ ಬಿಸಿ ಮಾಡಿ, ಆಮೇಲೆ ಕಾಗದ ಇಟ್ಟು ಹತ್ತಿ ಬಟ್ಟೆಯ ಶಾಖಕ್ಕೆ ಇಟ್ಟ, ಉಗಿ ಇಲ್ಲದ ಇಸ್ತ್ರಿ ಪೆಟ್ಟಿಗೆಯಿಂದ 2 ರಿಂದ 4 ನಿಮಿಷ ಒತ್ತಿ. ಪೆಟ್ಟಿಗೆಯನ್ನು ಜಾರಿಸಬೇಡಿ, ಎತ್ತಿ ಎತ್ತಿ ಒತ್ತಿ. ಜಾರಿದರೆ ಗೆರೆ ಎರಡಾಗುತ್ತದೆ.

ತಗಡು ಪೂರ್ತಿ ತಣ್ಣಗಾದ ಮೇಲೆ ಬೆಚ್ಚಗಿನ ನೀರಲ್ಲಿ ನೆನೆಸಿ. ಕಾಗದ ತಾನಾಗಿ ಏಳುವವರೆಗೆ ಕಾಯಿರಿ, ಎಳೆದು ಕೀಳಬೇಡಿ. ಗೆರೆಗಳ ನಡುವೆ ಉಳಿದ ಬಿಳಿ ನಾರನ್ನು ಹಳೆಯ ಟೂತ್ ಬ್ರಷ್‌ನಿಂದ ತೆಗೆಯಿರಿ. ಒದ್ದೆ ಇದ್ದಾಗ ಈ ನಾರು ಕಾಣುವುದೇ ಇಲ್ಲ, ಒಣಗಿದ ಮೇಲೆ ಬೂದು ಧೂಳಿನಂತೆ ಎದ್ದು ಕಾಣುತ್ತದೆ. ಹಾಗಾಗಿ ಒಣಗಿಸಿ ನೋಡುವುದು ಒಳ್ಳೆಯದು.

ಡ್ರೈ ಫಿಲ್ಮ್ ವಿಧಾನ. ಕೋಣೆಯಲ್ಲಿ ಹಳದಿ ಬಲ್ಬ್ ಮಾತ್ರ ಇರಲಿ. ಈ ಫಿಲ್ಮ್‌ಗೆ ಎರಡೂ ಕಡೆ ತೆಳು ಪ್ಲಾಸ್ಟಿಕ್ ಹೊದಿಕೆ ಇದೆ. ಸುರುಳಿಯ ಒಳಬದಿಯದನ್ನು ಮೊದಲು ಬಿಡಿಸಿ, ಆ ಬದಿಯನ್ನು ತಗಡಿಗೆ ತಾಗಿಸಿ. ಬಿಡಿಸಲು ಎರಡು ಟೇಪ್ ತುಂಡುಗಳನ್ನು ಮೂಲೆಯ ಎರಡೂ ಬದಿಗೆ ಅಂಟಿಸಿ ಎಳೆದರೆ ಸಲೀಸು. ಒಂದು ತುದಿಯಿಂದ ರೋಲರ್ ಹಾಯಿಸುತ್ತಾ ಬಂದು, ಆಮೇಲೆ ಬಿಸಿ ಲ್ಯಾಮಿನೇಟರಿನಲ್ಲಿ ಎರಡು ಮೂರು ಸಲ ಹಾಯಿಸಿ. ಒಳಗೆ ಗಾಳಿಗುಳ್ಳೆ ಕಂಡರೆ ಫಿಲ್ಮ್ ಕಿತ್ತು ಹೊಸದು ಹಾಕಿ. ಗುಳ್ಳೆ ಇದ್ದಲ್ಲಿ ಗುಳಿ ಖಚಿತ.

ನಕ್ಷೆಯ ಹಾಳೆಯ ಮುದ್ರಿತ ಬದಿ ಫಿಲ್ಮ್‌ಗೆ ತಾಗಬೇಕು. ಮೇಲೆ ಮುಖ ಮಾಡಿದ್ದರೆ ಹಾಳೆಯ ದಪ್ಪದೊಳಗೆ ಬೆಳಕು ಪಕ್ಕಕ್ಕೆ ಸೋರಿ ಅಂಚು ಮಸುಕಾಗುತ್ತದೆ. ಮೇಲೊಂದು ಗಾಜು ಹೇರಿ ಅದುಮಿ, ಯುವಿ ದೀಪ ಹಾಕಿ. ಎಷ್ಟು ಸೆಕೆಂಡ್ ಎನ್ನುವುದು ನಿಮ್ಮ ದೀಪದ ಮೇಲೆ ನಿಂತಿದೆ. ಒಂದು ತುಂಡಿನ ಮೇಲೆ ಕಾರ್ಡ್‌ಬೋರ್ಡ್ ಇಟ್ಟು 10 ಸೆಕೆಂಡಿಗೊಮ್ಮೆ ಸ್ವಲ್ಪ ಸ್ವಲ್ಪ ಸರಿಸುತ್ತಾ ಪಟ್ಟಿ ಪಟ್ಟಿಯಾಗಿ ಬೆಳಕು ಕೊಡಿ. ತೊಳೆದ ಮೇಲೆ ಯಾವ ಪಟ್ಟಿಯ ಅಂಚು ಚೂಪಾಗಿದೆಯೋ ಅದೇ ನಿಮ್ಮ ಸಮಯ.

ಎರಡು ಬದಿಯ ಕೆಲಸಕ್ಕೆ ಎರಡು ಹಾಳೆಗಳನ್ನು ಗುರುತುಗೆರೆ ಕೂಡಿಸಿ ಲಕೋಟೆಯಂತೆ ಅಂಟಿಸಿ. ಅಂಟಿಸುವಾಗ ಎರಡರ ನಡುವೆ ಅದೇ ದಪ್ಪದ ಹಿತ್ತಾಳೆ ಪಟ್ಟಿಯನ್ನು ಎಲ್ ಆಕಾರದಲ್ಲಿ ಇಡಿ. ಇಲ್ಲದಿದ್ದರೆ ತಗಡು ಒಳಗೆ ಹೋದ ಕೂಡಲೇ ಹಾಳೆಗಳು ಬಾಗಿ ಗುರುತು ತಪ್ಪುತ್ತದೆ.

ಬೆಳಕು ಕೊಟ್ಟ ಮೇಲೆ 15 ನಿಮಿಷ ಬಿಡಿ. ಮೇಲಿನ ಹೊದಿಕೆ ತೆಗೆಯಿರಿ. ಇದನ್ನು ಮರೆತು, ಡೆವಲಪ್ (ಬೆಳಕು ಬೀಳದ ಫಿಲ್ಮ್ ಕರಗಿ ಹೋಗುವುದು) ಆಗ್ತಾನೇ ಇಲ್ಲ ಎನ್ನುವವರು ಎಷ್ಟೋ ಜನ. 1 ಲೀಟರ್ ನೀರಿಗೆ 10 ಗ್ರಾಂ ವಾಷಿಂಗ್ ಸೋಡಾ ಹಾಕಿ, ಮೆತ್ತಗಿನ ಬ್ರಷ್‌ನಿಂದ ಸವರಿ. ಅಡುಗೆ ಸೋಡಾ ಬೇರೆ, ಅದರಿಂದ ಈ ಕೆಲಸ ಆಗುವುದಿಲ್ಲ. ತಿನ್ನಬೇಕಾದ ಜಾಗದಲ್ಲಿ ನೀಲಿ ಛಾಯೆ ಒಂದಿಷ್ಟೂ ಉಳಿಯಬಾರದು.

## ಹಂತ 5: ಭೂತಗನ್ನಡಿ ಹಿಡಿದು ನೋಡಿ

ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ರೆಸಿಸ್ಟಿನೊಳಗೆ ಹಳದಿ ಚುಕ್ಕೆ ಕಂಡರೆ ಪರ್ಮನೆಂಟ್ ಮಾರ್ಕರ್ ಅಥವಾ ಉಗುರುಬಣ್ಣದಿಂದ ಮುಚ್ಚಿ. ಟೋನರಿನ ದೊಡ್ಡ ಕಪ್ಪು ಜಾಗಗಳಲ್ಲಿ ಇಂಥ ಚುಕ್ಕೆ ಇದ್ದೇ ಇರುತ್ತವೆ. ಒಂದೇ ಕಡೆ ಎಚ್ ಮಾಡುವುದಾದರೆ ಹಿಂಬದಿಗೂ ನಾಲ್ಕು ಅಂಚಿಗೂ ಪ್ಯಾಕಿಂಗ್ ಟೇಪ್ ಒತ್ತಿ ಹಾಕಿ. ಹಿಂಬದಿ ತೆರೆದಿದ್ದರೆ ಫಲಕ ತೆಳ್ಳಗಾಗುವುದರ ಜೊತೆಗೆ ದ್ರಾವಣವೂ ಅರ್ಧಕ್ಕೇ ದಣಿಯುತ್ತದೆ.

## ಹಂತ 6: ದ್ರಾವಣ ತಯಾರಿಸಿ

ಫೆರಿಕ್ ಕ್ಲೋರೈಡ್ ಸುಮಾರು 40% ಸಾಂದ್ರತೆಯ ದ್ರವವಾಗಿ ಸಿಗುತ್ತದೆ, ಹಳದಿ ಮಿಶ್ರಿತ ಕಂದು ಹರಳಾಗಿಯೂ ಸಿಗುತ್ತದೆ. 1 ಲೀಟರ್ ನೀರಿಗೆ 1 ಕಿಲೋ ಹರಳು ಹಾಕಿದರೆ ಸುಮಾರು 30% ದ್ರಾವಣ ಆಗುತ್ತದೆ. ಹರಳನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು, ಹರಳಿನ ಮೇಲೆ ನೀರು ಸುರಿಯಬಾರದು. ನೀರಿನಂಶವೇ ಇಲ್ಲದ ಕಪ್ಪು ಪುಡಿ ಸಿಕ್ಕರೆ ಮುಟ್ಟದಿರುವುದೇ ವಾಸಿ. ನೀರು ಸೋಕಿದ ಕೂಡಲೇ ಅದು ಕುದಿಯುವಷ್ಟು ಬಿಸಿಯಾಗುತ್ತದೆ.

ಗಾಢವಾದಷ್ಟೂ ವೇಗ ಎನ್ನುವುದು ತಪ್ಪು ಲೆಕ್ಕ. ತೀರಾ ಗಾಢ ದ್ರಾವಣ ಮಂದವಾಗಿ, ಸಣ್ಣ ಕಿಂಡಿಯೊಳಗೆ ಓಡಾಡುವುದಿಲ್ಲ. ಸಿಟ್ರಿಕ್ ಆಮ್ಲ ಸೇರಿಸಿದರೆ ಗಸಿ ಕಡಿಮೆಯಾಗಿ ಗೆರೆ ಚೊಕ್ಕಟವಾಗುತ್ತದೆ. ಮೂರು ಪಾಲು ನೀರಿಗೆ ಒಂದು ಪಾಲು ಸಿಟ್ರಿಕ್ ಪುಡಿ ಕರಗಿಸಿ. ಇದರ ಒಂದು ಪಾಲನ್ನು ನಾಲ್ಕು ಪಾಲು 40% ಫೆರಿಕ್ ಕ್ಲೋರೈಡಿಗೆ ಬೆರೆಸಿ. ನಾನು ಸಣ್ಣ ಗೆರೆಯ ಕೆಲಸಕ್ಕೆ ಇದನ್ನು ಬಿಟ್ಟು ಬೇರೆ ಬಳಸುವುದಿಲ್ಲ.

ಪಾತ್ರೆಯನ್ನು ಬಿಸಿನೀರಿನ ಟ್ರೇಯಲ್ಲಿ ಕೂರಿಸಿ 40 ರಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ತನ್ನಿ. 50 ದಾಟಿಸಬೇಡಿ, ಘಾಟು ಆವಿ ಏಳುತ್ತದೆ, ರೆಸಿಸ್ಟ್ ಮೆತ್ತಗಾಗುತ್ತದೆ. ಒಲೆಯ ಮೇಲೆ, ಮೈಕ್ರೋವೇವ್‌ನಲ್ಲಿ ಬಿಸಿ ಮಾಡುವುದಂತೂ ಬೇಡವೇ ಬೇಡ.

## ಹಂತ 7: ತಗಡನ್ನು ಕೆಳಮುಖವಾಗಿ ಇಳಿಬಿಡಿ

ಮುಖ ಮೇಲಿರಬೇಕು, ಆಗ ನೋಡುತ್ತಾ ಇರಬಹುದು ಅಂತ ಅನಿಸುತ್ತದೆ ಅಲ್ವಾ? ಹಾಗೆ ಇಟ್ಟರೆ ಕರಗಿದ ಲೋಹದ ಗಸಿ ಗೆರೆಯೊಳಗೇ ಕೂತು ದ್ರಾವಣವನ್ನು ತಡೆಯುತ್ತದೆ. ಕೆಳಮುಖವಾಗಿದ್ದರೆ ಗಸಿ ತಾನಾಗಿ ಉದುರುತ್ತದೆ. ಹಿಂಬದಿಗೆ ಟೇಪಿನ ಹಿಡಿಕೆ ಅಂಟಿಸಿ, ಅಥವಾ ಥರ್ಮಕೋಲಿನ ತುಂಡು ಅಂಟಿಸಿ ತೇಲಿಬಿಡಿ. ಇಳಿಸುವಾಗ ಒಂದು ಅಂಚು ಮೊದಲು, ಓರೆಯಾಗಿ. ಚಪ್ಪಟೆಯಾಗಿ ಬಿಟ್ಟರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಆ ಜಾಗ ಹೊಳೆಯುತ್ತಲೇ ಉಳಿಯುತ್ತದೆ.

ಒಂದು ನಿಮಿಷಕ್ಕೆ ಎತ್ತಿ ನೋಡಿ. ತೆರೆದ ಲೋಹವೆಲ್ಲ ಒಂದೇ ಸಮ ಮಂಕಾಗಿರಬೇಕು. ಎಲ್ಲಾದರೂ ಹೊಳಪು ಉಳಿದಿದ್ದರೆ ಅಲ್ಲಿ ಜಿಡ್ಡೋ, ಕಾಗದದ ನಾರೋ, ಫಿಲ್ಮಿನ ತೆಳು ಪೊರೆಯೋ ಇದೆ. ಈಗಲೇ ತೊಳೆದು ಸರಿಪಡಿಸಿ. ಅರ್ಧ ಗಂಟೆಯ ನಂತರ ಕಂಡರೆ ಆ ತುಂಡು ಹೋದಂತೆಯೇ.

ಆಮೇಲೆ 5 ನಿಮಿಷಕ್ಕೊಮ್ಮೆ ಎತ್ತಿ, ನೀರಲ್ಲಿ ಅದ್ದಿ, ಮೆತ್ತಗಿನ ಬ್ರಷ್ ಆಡಿಸಿ, 90 ಡಿಗ್ರಿ ತಿರುಗಿಸಿ ಮತ್ತೆ ಬಿಡಿ. ಟ್ರೇಯನ್ನು ನಿಧಾನವಾಗಿ ತೂಗುತ್ತಿರಿ. ಎರಡು ಬದಿಯ ಕೆಲಸಕ್ಕೆ ತಗಡನ್ನು ನೆಟ್ಟಗೆ ನಿಲ್ಲಿಸುವ ಕಿರಿದಾದ ತೊಟ್ಟಿ, ತಳದಲ್ಲಿ ಮೀನಿನ ತೊಟ್ಟಿಯ ಗಾಳಿ ಪಂಪ್ ಒಳ್ಳೆಯ ಜೋಡಿ. ಹನಿ ಸಿಡಿಯುತ್ತದೆ, ಮುಚ್ಚಳ ಇರಲಿ. ಇಲ್ಲೂ ತಗಡನ್ನು ತಲೆಕೆಳಗು ಮಾಡುತ್ತಿರಬೇಕು, ಇಲ್ಲದಿದ್ದರೆ ಗುಳ್ಳೆ ಹರಿದ ದಾರಿಯಲ್ಲಿ ಗೆರೆ ಮೂಡುತ್ತದೆ.

ಬಣ್ಣ ತುಂಬುವ ಅಕ್ಷರಕ್ಕೆ 0.1 ರಿಂದ 0.2 ಮಿ.ಮೀ. ಆಳ ಸಾಕು. ಗಡಿಯಾರ ನಂಬಬೇಡಿ, ಪರೀಕ್ಷಾ ಚೌಕದ ಆಳ ಅಳೆಯಿರಿ. ಅದೇ ದ್ರಾವಣ, ಅದೇ ಶಾಖವಾದರೂ ಹಳೆಯ ದ್ರಾವಣ ನಿಧಾನ. ಆರ್‌ಪಾರ್ ಕೆಲಸದಲ್ಲಿ ಎರಡೂ ಕಡೆಯವು ಕೂಡಿ ಮೊದಲ ತೂತು ಬಿದ್ದ ಮೇಲೆ ಕಣ್ಣು ಕೀಳಬೇಡಿ. ಕಿಂಡಿಯ ನಡುವೆ ಉಳಿದ ಚೂಪು ಏಣು ಕರಗುವಷ್ಟು ಹೊತ್ತು ಮಾತ್ರ ಬಿಡಿ. ಅದಕ್ಕಿಂತ ಜಾಸ್ತಿ ಬಿಟ್ಟರೆ ಹಂತ 2ರ ಲೆಕ್ಕವೆಲ್ಲ ನೀರುಪಾಲು.

ರೆಸಿಸ್ಟಿನ ಅಂಚು ಸುಕ್ಕುಗಟ್ಟಿ ಏಳುತ್ತಿದ್ದರೆ ತಕ್ಷಣ ಹೊರತೆಗೆಯಿರಿ. ತೊಳೆದು, ಒಣಗಿಸಿ, ಉಗುರುಬಣ್ಣದಿಂದ ತೇಪೆ ಹಾಕಿ ಮುಂದುವರಿಸಬಹುದು.

## ಹಂತ 8: ನಿಲ್ಲಿಸಿ, ತೊಳೆಯಿರಿ

ನೇರ ನಲ್ಲಿ ನೀರಿಗೆ ಹಿಡಿದರೆ ಕಬ್ಬಿಣದ ಕಂದು ಕಲೆ ಗೆರೆಯೊಳಗೆ ಉಳಿಯಬಹುದು. ಮೊದಲು ಸಿಟ್ರಿಕ್ ಬೆರೆಸಿದ ನೀರಿನ ಬಟ್ಟಲು, ಆಮೇಲೆ ಸೋಡಾ ನೀರು, ಕೊನೆಗೆ ಶುದ್ಧ ನೀರು. ಸೋಡಾದಲ್ಲಿ ನೊರೆ ನಿಲ್ಲುವವರೆಗೆ ಬಿಡಿ. ಮೂಲೆಗಳಲ್ಲಿ ದ್ರಾವಣ ಉಳಿದರೆ ಕೆಲವು ದಿನದಲ್ಲಿ ಹಸಿರು ಕಿಲುಬು ಹೊರಬರುತ್ತದೆ.

## ಹಂತ 9: ರೆಸಿಸ್ಟ್ ತೆಗೆದು ಮುಗಿಸಿ

ಟೋನರ್ ಅಸಿಟೋನ್‌ಗೆ ಹೋಗುತ್ತದೆ. ಡ್ರೈ ಫಿಲ್ಮ್ 2 ರಿಂದ 3% ಕಾಸ್ಟಿಕ್ ಸೋಡಾ ನೀರಲ್ಲಿ ಸಿಪ್ಪೆಯಾಗಿ ಏಳುತ್ತದೆ. ಕೈಗವಸು, ಗಾಗಲ್ಸ್ ಇಲ್ಲೂ ಬೇಕು.

ಅಕ್ಷರಕ್ಕೆ ಬಣ್ಣ ತುಂಬುವಾಗ ಎನಾಮೆಲ್ ಅನ್ನು ಇಡೀ ಮುಖಕ್ಕೆ ಹಚ್ಚಿ, ಪೂರ್ತಿ ಒಣಗಲು ಬಿಡಿ. ಗಾಜಿನ ಮೇಲೆ 600ರ ವಾಟರ್ ಪೇಪರ್ ಹರಡಿ, ಫಲಕವನ್ನು ಮುಖ ಕೆಳಗೆ ಮಾಡಿ ತಿಕ್ಕಿ, ಆಮೇಲೆ 1000. ಬೆರಳಿಗೆ ಪೇಪರ್ ಸುತ್ತಿಕೊಂಡು ತಿಕ್ಕಿದರೆ ಅಕ್ಷರದೊಳಗಿನ ಬಣ್ಣವೂ ಕಿತ್ತು ಬರುತ್ತದೆ. ಕೊನೆಗೆ ಅಸಿಟೋನ್ ಬಳಸಬೇಡಿ, ತುಂಬಿದ ಬಣ್ಣವೂ ಹೋಗುತ್ತದೆ. ಸೋಪಿನ ನೀರಲ್ಲಿ ಜಿಡ್ಡು ತೆಗೆದು, ಒಣಗಿಸಿ ವಾರ್ನಿಷ್ ಹೊಡೆಯಿರಿ.

ಅಮೋನಿಯಾ ಇರುವ ಕ್ಲೀನರ್‌ಗಳನ್ನು ಮಡಚಿದ ಭಾಗಗಳ ಹತ್ತಿರ ತರಬೇಡಿ. ಒಳಗೆ ಬಿಗುವು ಉಳಿದ ಹಿತ್ತಾಳೆ ಅಮೋನಿಯಾ ಸೋಕಿದರೆ ಬಿರುಕು ಬಿಡುತ್ತದೆ, ಅದೂ ಮಡಿಕೆಯ ಗೆರೆಯಲ್ಲೇ.

## ಹಂತ 10: ದಣಿದ ದ್ರಾವಣವನ್ನು ಏನು ಮಾಡಬೇಕು

ಜೇನಿನ ಬಣ್ಣದ್ದು ಕಡು ಹಸಿರಿಗೆ ತಿರುಗಿ, ಬಿಸಿ ಇದ್ದರೂ ಕೆಲಸ ತೆವಳುತ್ತಿದ್ದರೆ ಅದರ ಕಾಲ ಮುಗಿಯಿತು. 40% ದ್ರಾವಣದ 1 ಲೀಟರ್, ಲೆಕ್ಕದ ಪ್ರಕಾರ ಸುಮಾರು 110 ಗ್ರಾಂ ಲೋಹ ಕರಗಿಸಬಲ್ಲದು. ಆದರೆ ಅರ್ಧ ದಾಟಿದ ಮೇಲೆ ನಿಧಾನವಾಗುತ್ತಾ ಹೋಗುತ್ತದೆ. 100 ಚದರ ಸೆಂ.ಮೀ. ಜಾಗವನ್ನು 0.1 ಮಿ.ಮೀ. ಇಳಿಸಿದರೆ ಸುಮಾರು 8.5 ಗ್ರಾಂ ಹಿತ್ತಾಳೆ ಕರಗುತ್ತದೆ. ಬಾಟಲಿಯ ಮೇಲೆ ಹೀಗೆ ಲೆಕ್ಕ ಬರೆಯುತ್ತಾ ಬಂದರೆ ಯಾವಾಗ ಬದಲಿಸಬೇಕೆಂದು ಊಹಿಸುವ ಗೋಜಿಲ್ಲ.

ಚರಂಡಿಗೆ ಸುರಿಯುವಂತಿಲ್ಲ. ಅದರಲ್ಲಿ ಕರಗಿರುವ ತಾಮ್ರ ಮೀನು, ಪಾಚಿಗಳಿಗೆ ವಿಷ, ಲೋಹದ ಪೈಪನ್ನೂ ತಿನ್ನುತ್ತದೆ. ಗಾಳಿ ಆಡುವ ಜಾಗದಲ್ಲಿ ದೊಡ್ಡ ಬಕೆಟ್ ಇಟ್ಟು, ಕಾಲು ಭಾಗ ಮಾತ್ರ ದ್ರಾವಣ ಹಾಕಿ. ನೀರಲ್ಲಿ ಕರಗಿಸಿದ ವಾಷಿಂಗ್ ಸೋಡಾವನ್ನು ಸ್ವಲ್ಪ ಸ್ವಲ್ಪ ಸುರಿಯಿರಿ. ಒಮ್ಮೆಲೇ ಸುರಿದರೆ ನೊರೆ ಉಕ್ಕಿ ನೆಲಕ್ಕೆ ಬರುತ್ತದೆ. ಪಿಎಚ್ ಕಾಗದದಲ್ಲಿ 9ರ ಹತ್ತಿರ ಬಂದಾಗ ನಿಲ್ಲಿಸಿ, ತಳದ ಕೆಸರು ಕೂರಲು ಬಿಡಿ. ಸಿಟ್ರಿಕ್ ಬೆರೆಸಿದ ದ್ರಾವಣವಾದರೆ ತಾಮ್ರದ ಒಂದಿಷ್ಟು ಪಾಲು ನೀರಲ್ಲೇ ಉಳಿಯುತ್ತದೆ, ಅದನ್ನು ಹೀಗೆ ಬೇರ್ಪಡಿಸಲು ಹೋಗದೆ ಇಡಿಯಾಗಿ ಅಪಾಯಕಾರಿ ತ್ಯಾಜ್ಯ ಸಂಗ್ರಹಕ್ಕೆ ಕೊಡಿ. ಕೆಸರನ್ನೂ ಅಲ್ಲಿಗೇ ಕೊಡಬೇಕು. ಮೇಲೆ ನಿಂತ ತಿಳಿಯನ್ನು ಏನು ಮಾಡಬೇಕೆಂದು ಸ್ಥಳೀಯ ನಿಯಮ ಕೇಳಿಕೊಳ್ಳಿ. ನೊರೆ ಪೂರ್ತಿ ನಿಲ್ಲುವವರೆಗೆ ಯಾವುದೇ ಪಾತ್ರೆಯ ಮುಚ್ಚಳ ಬಿಗಿಯಬೇಡಿ, ಒಳಗೆ ಅನಿಲ ತುಂಬಿ ಸಿಡಿಯುತ್ತದೆ.